ಹುಡುಕಿದರೆ ಸಿಗದ ಹಳ್ಳಿ

ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿಯವರಾದ ಹಿರಿಯ ಮೇಷ್ಟ್ರೊಬ್ಬರು ಒಂದು ಭಾನುವಾರ ಬೆಳಿಗ್ಗೆ ನಮ್ಮ ಮನೆಗೆ ಬಂದರು. ಪ್ರಾಥಮಿಕ ಶಾಲೆಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಪಾಠ ಹೇಳಿ ನಿವೃತ್ತರಾದವರು. ಹೆಗಲಲ್ಲಿ ಬಟ್ಟೆಯ ಚೀಲ, ಚೀಲದೊಳಗೆ ಗೆರೆ ಹಾಕಿದ ಒಂದು ನೋಟ್‌ಬುಕ್ಕು. ತಮ್ಮ ಊರಿನ ವಿಚಾರವಾಗಿ ಸಣ್ಣದೊಂದು ಪುಸ್ತಕ ಬರೆದು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸುವ ಹಂಬಲ ಅವರದು.

“ಸಾರ್, ನೀವು ಊರೂರು ತಿರುಗಿ ಬರೆದುಕೊಂಡವರು. ನಮ್ಮ ಹಳ್ಳಿ ವಿಷಯ ನಿಮ್ಮ ಕಂಪ್ಯೂಟರಿನಲ್ಲಿ ಏನಾದರೂ ಇದೆಯೇ, ಸ್ವಲ್ಪ ನೋಡಿ” ಎಂದರು.

ಇಪ್ಪತ್ತು ವರ್ಷದ ಟಿಪ್ಪಣಿಗಳು, ವಿದ್ಯಾರ್ಥಿಗಳು ತಂದುಕೊಟ್ಟ ಬರಹಗಳು, ಶಾಸನದ ಪಾಠಗಳು, ಜಾನಪದ ಸಂಗ್ರಹ ಎಲ್ಲವೂ ನನ್ನ ಗಣಕಯಂತ್ರದಲ್ಲಿವೆ. ಕಡತಗಳ ಒಳಗಿನ ಮಾತನ್ನೆಲ್ಲ ಜಾಲಾಡಿ ತರುವ ಒಂದು ಹುಡುಕು-ತಂತ್ರಾಂಶವನ್ನೂ ಹಾಕಿಸಿಕೊಂಡಿದ್ದೆ. ಅದರ ಮೇಲೆ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು. ಮೇಷ್ಟ್ರ ಎದುರಿಗೇ ‘ಗೆಂಡೆಹಳ್ಳಿ’ ಎಂದು ಟೈಪು ಮಾಡಿ ಗುಂಡಿ ಒತ್ತಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬಂತು: ಸೊನ್ನೆ.

“ಏನೂ ಇಲ್ಲ ಮೇಷ್ಟ್ರೇ” ಎಂದೆ.

“ಹೋಗಲಿ ಬಿಡಿ ಸಾರ್, ನಮ್ಮೂರ ಸುದ್ದಿ ಯಾರು ಬರೆದಿಟ್ಟಾರು” ಎಂದು ಕಾಫಿ ಕುಡಿದು ಹೊರಟುಹೋದರು.

ಎಂಟು ತಿಂಗಳಾದ ಮೇಲೆ ಬೇರೇನನ್ನೋ ಅರಸುತ್ತ 2006ರ ಒಂದು ಕಡತವನ್ನು ತೆರೆದೆ. ಆಗ ನಾನು ಕೆಲಸಕ್ಕೆ ಸೇರಿದ ಹೊಸತು. ವಿದ್ಯಾರ್ಥಿಯೊಬ್ಬನ ಜೊತೆ ಅವನ ಊರಿಗೆ ಹೋಗಿ, ಅವನ ಅಜ್ಜಿಯ ಬಾಯಿಂದ ಹೊಲಗದ್ದೆಗಳ ಹೆಸರನ್ನೆಲ್ಲ ಕೇಳಿ ಬರೆದುಕೊಂಡಿದ್ದೆ. ಮೂರು ಪುಟ. ಮರದ ಹೆಸರಿನ ಹೊಲಗಳು, ಸತ್ತ ಎತ್ತಿನ ನೆನಪಿನ ಗದ್ದೆಗಳು, ಎಂದೋ ನಡೆದ ಅಣ್ಣತಮ್ಮಂದಿರ ಜಗಳವನ್ನು ಇಂದಿಗೂ ಹೊತ್ತುಕೊಂಡಿರುವ ಬದುಗಳು. ಮೇಲೆ ತಲೆಬರಹ: ‘ಗೆಂಡೇಹಳ್ಳಿ’.

ಅಷ್ಟು ಹೊತ್ತಿಗೆ ಮೇಷ್ಟ್ರ ಪುಸ್ತಕ ಅಚ್ಚಾಗಿ ಹೊರಬಂದಿತ್ತು. ನನಗೂ ಒಂದು ಪ್ರತಿ ಕಳಿಸಿದ್ದರು. ತೆಗೆದು ನೋಡಿದೆ. ನಡುವೆ ಒಂದು ಕಡೆ, ಊರಿನ ಹೊಲಗಳ ಹಳೆಯ ಹೆಸರು ಬಲ್ಲವರು ಈಗ ಯಾರೂ ಉಳಿದಿಲ್ಲವೆಂದು ಅವರು ಬರೆದಿದ್ದರು. ಆ ಅಜ್ಜಿ ತೀರಿಕೊಂಡು ಬಹಳ ವರ್ಷವಾಗಿತ್ತು. ಅವರು ಹೇಳಿದ ಮಾತು ಮಾತ್ರ ನನ್ನ ಮೇಜಿನ ಮೇಲೆಯೇ ಇತ್ತು. ಯಂತ್ರ ಇಲ್ಲವೆಂದಿತು; ನಾನೂ ಇಲ್ಲವೆಂದೆ.

ಈ ‘ಇಲ್ಲ’ ಎಂಬ ಉತ್ತರದ ವಿಚಾರವಾಗಿಯೇ ಇಲ್ಲಿ ಒಂದೆರಡು ಮಾತು ಹೇಳಬೇಕೆಂದಿದ್ದೇನೆ.

ಹುಡುಕುವ ವಿದ್ಯೆ ಹಳೆಯದು

ದೊಡ್ಡ ಗ್ರಂಥದಲ್ಲಿ ಬೇಕಾದ ಮಾತನ್ನು ಬೇಗನೆ ಹುಡುಕಿ ತೆಗೆಯುವ ಉಪಾಯ ಯಂತ್ರದ ಜೊತೆಗೆ ಹುಟ್ಟಿದ್ದಲ್ಲ. ಋಗ್ವೇದದ ಪ್ರತಿಯೊಂದು ಸೂಕ್ತದ ಮೊದಲ ಪದ, ಋಕ್ಕುಗಳ ಸಂಖ್ಯೆ, ಋಷಿ, ದೇವತೆ, ಛಂದಸ್ಸು ಇವನ್ನೆಲ್ಲ ಕ್ರಮವಾಗಿ ಹೇಳುವ ಕಾತ್ಯಾಯನನ ‘ಸರ್ವಾನುಕ್ರಮಣಿ’ ನಮ್ಮಲ್ಲಿ ಬಹಳ ಹಿಂದಿನಿಂದಲೂ ಇದೆ. ಯೂರೋಪಿನಲ್ಲಿ ಹದಿಮೂರನೆಯ ಶತಮಾನದಲ್ಲಿ, ಅಂದರೆ ಹೊಯ್ಸಳ ಸೋಮೇಶ್ವರನು ಪಟ್ಟಕ್ಕೆ ಬಂದ ಕಾಲದ ಸುಮಾರಿಗೆ, ಪ್ಯಾರಿಸಿನಲ್ಲಿ ಸ್ಯಾಂ-ಶೇರಿನ ಹ್ಯೂ ಎಂಬ ಸಂನ್ಯಾಸಿಯ ಮೇಲ್ವಿಚಾರಣೆಯಲ್ಲಿ ಲ್ಯಾಟಿನ್ ಬೈಬಲ್ಲಿನ ಪದಗಳಿಗೆಲ್ಲ ಒಂದು ಸೂಚಿ ಸಿದ್ಧವಾಯಿತು. ಯಾವ ಪದ ಯಾವ ಅಧ್ಯಾಯದಲ್ಲಿ ಬರುತ್ತದೆ ಎಂಬುದನ್ನು ಮಠದ ಸಾಧುಗಳು ಕೂಡಿ ಕುಳಿತು ಬರೆದರು.

ಗಣಕಯಂತ್ರ ಈ ಕೆಲಸಕ್ಕೆ ಬಂದ ಕಥೆಯೂ ಸ್ವಾರಸ್ಯವಾದದ್ದೇ. ಇಟಲಿಯ ಪಾದ್ರಿ ರೊಬೆರ್ತೊ ಬೂಸಾ ಅವರು ಸಂತ ಥಾಮಸ್ ಅಕ್ವಿನಾಸನ ತತ್ತ್ವವನ್ನು ಅಭ್ಯಾಸ ಮಾಡುತ್ತಿದ್ದರು. ದೊಡ್ಡ ದೊಡ್ಡ ಪಾರಿಭಾಷಿಕ ಪದಗಳಿಗಿಂತ ‘ಇನ್’ ಎಂಬ ಪುಟ್ಟ ಪದವನ್ನು ಆ ತತ್ತ್ವಜ್ಞಾನಿ ಹೇಗೆ ಬಳಸಿದ್ದಾನೆ ಎಂಬುದರಲ್ಲಿ ತಮ್ಮ ಪ್ರಶ್ನೆಗೆ ಉತ್ತರವಿದೆ ಎಂದು ಅವರಿಗೆ ತೋರಿತು. ನಮ್ಮ ‘ಅಲ್ಲಿ’ ಪ್ರತ್ಯಯದಂಥದು ಅದು. ಅದೊಂದಕ್ಕಾಗಿ ಹತ್ತು ಸಾವಿರ ಚೀಟಿಗಳನ್ನು ಕೈಯಲ್ಲಿ ಬರೆದರು. ಆಮೇಲೆ 1949ರಲ್ಲಿ ಐಬಿಎಂ ಸಂಸ್ಥೆಯ ಥಾಮಸ್ ವಾಟ್ಸನ್ ಅವರನ್ನು ಕಂಡು ಯಂತ್ರದ ನೆರವು ಕೇಳಿದರು. ಒಂದು ಕೋಟಿಗೂ ಮಿಕ್ಕ ಪದಗಳ ಆ ಸೂಚಿ 56 ಸಂಪುಟಗಳಾಗಿ ಹೊರಬರಲು ಮೂವತ್ತು ವರ್ಷ ಹಿಡಿಯಿತು.

ಇಂದಿನ ಹುಡುಕು-ತಂತ್ರಾಂಶಗಳಲ್ಲಿ ಎರಡು ಜಾತಿ. ಒಂದು ಜಾತಿಯದು ಕೇಳಿದಾಗಲೆಲ್ಲ ಪ್ರತಿ ಕಡತವನ್ನೂ ಮೊದಲಿನಿಂದ ಕೊನೆಯವರೆಗೆ ಓದುತ್ತದೆ. 1973ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್ ರಚಿಸಿದ ‘ಗ್ರೆಪ್’ ಈ ಜಾತಿಗೆ ಮೂಲಪುರುಷ. ಇದರ ಹಿಂದೆಯೂ ಒಂದು ಸಾಹಿತ್ಯಸಂಶೋಧನೆಯ ಪ್ರಶ್ನೆಯೇ ಇತ್ತು: ‘ಫೆಡರಲಿಸ್ಟ್’ ಎಂಬ ಹಳೆಯ ರಾಜಕೀಯ ಪ್ರಬಂಧಗಳಲ್ಲಿ ಯಾವುದನ್ನು ಯಾರು ಬರೆದರು ಎಂದು ಪದಗಳ ಬಳಕೆಯಿಂದ ಪತ್ತೆ ಮಾಡಲು ಹೊರಟ ಸಹೋದ್ಯೋಗಿಯೊಬ್ಬರಿಗೆ ಅದು ಬೇಕಾಗಿತ್ತು. ಇನ್ನೊಂದು ಜಾತಿಯದು ಬೂಸಾ ಅವರ ಚೀಟಿಗಳ ಹಾದಿಯದು. ಬಿಡುವಿನಲ್ಲಿ ಎಲ್ಲ ಕಡತಗಳನ್ನೂ ಓದಿ, ಪದಪದಕ್ಕೂ ಮನಸ್ಸಿನಲ್ಲೇ ಚೀಟಿ ಬರೆದಿಟ್ಟುಕೊಂಡು, ಕೇಳಿದೊಡನೆ ಚೀಟಿ ಎತ್ತಿ ತೋರಿಸುತ್ತದೆ. ಮೊದಲನೆಯದು ನಿಧಾನಿ, ಆದರೆ ಪದದ ಚೂರನ್ನು ಕೊಟ್ಟರೂ ಹಿಡಿಯುತ್ತದೆ. ಎರಡನೆಯದು ಚುರುಕು, ಆದರೆ ತಾನು ಚೀಟಿ ಬರೆದುಕೊಂಡ ರೂಪದಲ್ಲೇ ಪದವನ್ನು ಕೇಳಬೇಕೆಂದು ಹಟ ಹಿಡಿಯುವುದುಂಟು.

ಬೇಲೂರಿನ ಕಲ್ಲುಗಳು ಕಲಿಸುವ ಪಾಠ

ನಮ್ಮ ಸೀಮೆಯಲ್ಲಿ ಕಲ್ಲಿನ ಬರಹಕ್ಕೆ ಬರಗಾಲವಿಲ್ಲ. ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಐದನೆಯ ಸಂಪುಟವಾಗಿ ಹಾಸನ ಜಿಲ್ಲೆಯ ಶಾಸನಗಳನ್ನು ಪ್ರಕಟಿಸಿದ್ದು 1902ರಲ್ಲಿ. ಅವರು ಹೊರತಂದ ಸಂಪುಟಗಳಲ್ಲಿ ಒಟ್ಟು ಸುಮಾರು ಒಂಬತ್ತು ಸಾವಿರ ಶಾಸನಗಳಿವೆ. ತಾಲ್ಲೂಕುವಾರು ಜೋಡಿಸಿ, ಒಂದೊಂದಕ್ಕೂ ಸಂಖ್ಯೆ ಕೊಟ್ಟು, ಕನ್ನಡ ಲಿಪಿಯ ಪಾಠ, ರೋಮನ್ ಲಿಪಿಯ ಪಾಠ, ಇಂಗ್ಲಿಷ್ ಅನುವಾದ ಮೂರನ್ನೂ ಒದಗಿಸಿದರು. 1972ರಿಂದ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಹೊರತರತೊಡಗಿದ ಪರಿಷ್ಕೃತ ಮಾಲೆಯ ಒಂಬತ್ತನೆಯ ಸಂಪುಟ ಬೇಲೂರು ತಾಲ್ಲೂಕಿನದು.

ಈ ಪಾಠಗಳನ್ನೆಲ್ಲ ಗಣಕಯಂತ್ರಕ್ಕೆ ಹಾಕಿ, ಇಂದಿನ ಹೆಸರಿನಲ್ಲಿ ಊರುಗಳನ್ನು ಹುಡುಕಿದೆವೆಂದು ಇಟ್ಟುಕೊಳ್ಳಿ. ಏನಾದೀತು? ಹೊಯ್ಸಳರ ಕಾಲದ ಶಾಸನಗಳಲ್ಲಿ ‘ಹಳೇಬೀಡು’ ಸಿಗುವುದಿಲ್ಲ. ರಾಜಧಾನಿ ಹಾಳಾಗುವ ಮೊದಲು ಅದು ‘ಹಳೆಯ ಬೀಡು’ ಹೇಗಾದೀತು? ಅಲ್ಲಿರುವುದು ದೋರಸಮುದ್ರ, ಇಲ್ಲವೆ ದ್ವಾರಸಮುದ್ರ, ಇಲ್ಲವೆ ದ್ವಾರಾವತಿ. ವಿಷ್ಣುವರ್ಧನನು 1117ರಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಿಸಿದ ಊರು ಕಲ್ಲಿನ ಮೇಲೆ ವೇಲಾಪುರವೆಂದೂ ಬೇಲುಹೂರೆಂದೂ ಕಾಣಿಸಿಕೊಳ್ಳುತ್ತದೆ. ಅರಸೀಕೆರೆಯ ಪಾಡು ಇನ್ನೂ ಸೂಕ್ಷ್ಮ. ಅರಸಿಯ ಕೆರೆ ಎಂಬ ಅರ್ಥ ಎಳೆಯ ಮಗುವಿಗೂ ತಿಳಿಯುತ್ತದೆ. ಆದರೆ ಹಳೆಯ ಬರಹದಲ್ಲಿ ಅದು ‘ಅರಸಿಯಕೆಱೆ’. ಕೊನೆಯಲ್ಲಿರುವುದು ನಮ್ಮ ರಕಾರವಲ್ಲ, ಶಕಟರೇಫ. ನಮ್ಮ ಕಿವಿಗೆ ಎರಡೂ ಒಂದೇ. ಯಂತ್ರಕ್ಕೆ ಅವು ಆನೆಗೂ ಆಡಿಗೂ ಇರುವಷ್ಟು ಬೇರೆ.

ಎಲ್ಲಕ್ಕಿಂತ ದೊಡ್ಡ ನಿದರ್ಶನ ಹಲ್ಮಿಡಿ. ಬೇಲೂರು ತಾಲ್ಲೂಕಿನದೇ ಹಳ್ಳಿ. ಅಲ್ಲಿ ದೊರೆತ ಹದಿನಾರು ಸಾಲಿನ ಶಾಸನವನ್ನು ಮೈಸೂರು ಪುರಾತತ್ತ್ವ ಇಲಾಖೆಯ ಎಂ. ಎಚ್. ಕೃಷ್ಣ ಅವರು 1936ರ ವರದಿಯಲ್ಲಿ ಪ್ರಕಟಿಸಿದರು. ಕಾಲ ಸುಮಾರು 450. ಕನ್ನಡದ ಅತ್ಯಂತ ಹಳೆಯ ಶಾಸನಗಳ ಸಾಲಿನಲ್ಲಿ ನಿಲ್ಲುವ ಆ ಕಲ್ಲಿನಲ್ಲಿ ‘ಹಲ್ಮಿಡಿ’ ಎಂಬ ಮಾತೇ ಇಲ್ಲ! ವಿಜಅರಸನೆಂಬ ವೀರನಿಗೆ ಕೊಟ್ಟದ್ದು ‘ಪಲ್ಮಡಿ’ ಮತ್ತು ‘ಮೂೞಿವಳ್ಳಿ’. ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ, ಪಲ್ಮಡಿ ಹಲ್ಮಿಡಿಯಾಯಿತು. ಪಕಾರ ಹಕಾರವಾದ ಈ ಮಾರ್ಪಾಡನ್ನು ಬಲ್ಲ ವಿದ್ವಾಂಸರು ಇವೆರಡೂ ಒಂದೇ ಊರೆಂದು ಕಂಡರು. ಯಂತ್ರವನ್ನು ಕೇಳಿದ್ದರೆ ‘ಇಲ್ಲ’ ಎಂದು ಕೈತೊಳೆದುಕೊಳ್ಳುತ್ತಿತ್ತು.

ಹಾಗೆ ನೋಡಿದರೆ ಗೆಂಡೆಹಳ್ಳಿಯ ಬಾಲದಲ್ಲಿರುವ ‘ಹಳ್ಳಿ’ಯೂ ಹಳಗನ್ನಡದಲ್ಲಿ ‘ಪಳ್ಳಿ’, ಸಮಾಸದಲ್ಲಿ ‘ವಳ್ಳಿ’. ಮೂೞಿವಳ್ಳಿಯೇ ಇದಕ್ಕೆ ಸಾಕ್ಷಿ. ಬಹು ಹಳೆಯ ಶಾಸನಗಳಲ್ಲಿ ಇಂಥ ಯಾವುದೇ ಊರನ್ನು ಹುಡುಕುವವನು ‘ಹಳ್ಳಿ’ಯನ್ನು ನೆಚ್ಚಿ ಕೂರುವಂತಿಲ್ಲ.

ಬರವಣಿಗೆಯಲ್ಲಿ ಇಂಥ ತೊಡಕು ಬರುತ್ತದೆಂಬುದನ್ನು ನಮ್ಮ ಹಿರಿಯರು ಅರಿಯದವರಲ್ಲ. ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ೞಕಾರವಿರುವ ಪದಗಳನ್ನು ಪಟ್ಟಿ ಮಾಡಿಕೊಟ್ಟಿದ್ದಾನೆ. ಆಡುಮಾತಿನಲ್ಲಿ ಆ ಧ್ವನಿ ಅಳಿಯುತ್ತ ಬಂದಿದ್ದರಿಂದಲೇ ಪಟ್ಟಿ ಬೇಕಾಯಿತು. ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟು ಎಂಟು ಸಂಪುಟಗಳಲ್ಲಿ 1995ಕ್ಕೆ ಮುಗಿಯಿತಷ್ಟೆ. ಶಾಸನಗಳಿಂದಲೂ ಕಾವ್ಯಗಳಿಂದಲೂ ಪದಗಳನ್ನು ಚೀಟಿಗಳಿಗೆ ಇಳಿಸಿ ಅದನ್ನು ಕಟ್ಟಿದರು. ಆ ಚೀಟಿ ಬರೆದವರಿಗೆ ಯಾವ ರೂಪ ಯಾವುದರ ಹಿಂದಿನ ಜನ್ಮವೆಂಬುದು ಗೊತ್ತಿತ್ತು. ನಮ್ಮ ಯಂತ್ರ ಬರೆದುಕೊಳ್ಳುವ ಚೀಟಿಗೆ ಆ ಜ್ಞಾನವಿಲ್ಲ. ವ್ಯತ್ಯಾಸವಿರುವುದು ಇಷ್ಟರಲ್ಲಿಯೇ, ಆದರೆ ಈ ಇಷ್ಟು ಸಣ್ಣದಲ್ಲ.

ತೆರೆಯ ಮೇಲೆ ಕನ್ನಡ, ಒಳಗೆ ಇನ್ನೇನೋ

ಹೋಗಲಿ, ಶಾಸನದ ಮಾತು ಸಾವಿರ ವರ್ಷದ್ದು. ನನ್ನ ಕಡತಕ್ಕೆ ಇಪ್ಪತ್ತು ವರ್ಷ. ಅದು ಏಕೆ ಸಿಗಲಿಲ್ಲ? ಇಲ್ಲಿ ದೀರ್ಘ-ಹ್ರಸ್ವದ ಒಂದು ಕಾರಣ ಕಣ್ಣಿಗೇ ಕಾಣುತ್ತದೆ. ಆದರೆ ಒಳಗೆ ಇನ್ನೊಂದು ಕಾರಣ ಅಡಗಿತ್ತು.

ಗಣಕಯಂತ್ರಕ್ಕೆ ಅಕ್ಷರ ಗೊತ್ತಿಲ್ಲ, ಅಂಕಿ ಗೊತ್ತು. ಒಂದೊಂದು ಅಕ್ಷರಕ್ಕೂ ಒಂದೊಂದು ಅಂಕಿ ಗೊತ್ತುಮಾಡಿಕೊಂಡು ಕೆಲಸ ನಡೆಸುತ್ತದೆ. ಜಗತ್ತಿನ ಲಿಪಿಗಳಿಗೆಲ್ಲ ಪ್ರತ್ಯೇಕ ಅಂಕಿಗಳನ್ನು ಹಂಚುವ ‘ಯೂನಿಕೋಡ್’ ಏರ್ಪಾಡು 1991ರ ತನ್ನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಮನೆಗಳನ್ನು ಮೀಸಲಿಟ್ಟಿತು. ಆದರೆ ಕಾಗದದ ಮೇಲಿನ ಹಂಚಿಕೆ ಮನೆಮನೆಯ ಯಂತ್ರಕ್ಕೆ ಇಳಿದು ಬರುವುದಕ್ಕೆ ಬಹಳ ವರ್ಷ ಬೇಕಾಯಿತು. ಆ ನಡುವಿನ ಕಾಲದಲ್ಲಿ ಕನ್ನಡಿಗರು ಕೈಕಟ್ಟಿ ಕೂರಲಿಲ್ಲ. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಬಂತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಅದರ ಹಿಂದೆಯೇ ಬಂತು. ಇವು ಇಲ್ಲದಿದ್ದರೆ ನಮ್ಮಂಥವರು ಯಂತ್ರದಲ್ಲಿ ಕನ್ನಡ ಬರೆಯುವುದೇ ಆಗುತ್ತಿರಲಿಲ್ಲ. ಆದರೆ ಅಂದಿನ ಅಕ್ಷರಶೈಲಿಗಳು ಇಂಗ್ಲಿಷು ಮುಂತಾದ ಯೂರೋಪಿನ ಭಾಷೆಗಳ ಅಕ್ಷರಗಳಿಗೆ ಇದ್ದ ಮನೆಗಳಲ್ಲಿಯೇ ಕನ್ನಡದ ಅಕ್ಷರಭಾಗಗಳನ್ನು ಕೂರಿಸಿದವು. ಬೇರೆ ದಾರಿ ಇರಲಿಲ್ಲ.

ಇದರ ಫಲ ವಿಚಿತ್ರ. ನುಡಿಯ ಹಳೆಯ ಅಕ್ಷರಶೈಲಿಯಲ್ಲಿ ‘ಕನ್ನಡ’ ಎಂದು ಬರೆದರೆ ತೆರೆಯ ಮೇಲೆ ಮುದ್ದಾದ ಕನ್ನಡವೇ ಕಾಣುತ್ತದೆ. ಒಳಗೆ ಮಾತ್ರ ಕಕಾರದ ಜಾಗದಲ್ಲಿ ಇಂಗ್ಲಿಷಿನ ‘ಪಿ’ ಮತ್ತು ತಲೆಯ ಮೇಲೆ ಓರೆಗೆರೆ ಹೊತ್ತ ‘ಎ’, ನಕಾರದ ಜಾಗದಲ್ಲಿ ಬ್ರಿಟಿಷರ ಪೌಂಡ್ ನಾಣ್ಯದ ಗುರುತು! ‘ಹಳ್ಳಿ’ಯಲ್ಲಿ ಬರುವ ‘ಳಿ’ ಅಲ್ಲಿ ‘ಅರ್ಧ’ ಎಂಬ ಭಿನ್ನರಾಶಿಯ ಚಿಹ್ನೆ. ನಾನು ಯೂನಿಕೋಡಿನಲ್ಲಿ ‘ಗೆಂಡೆಹಳ್ಳಿ’ ಎಂದು ಕೇಳಿದೆ. ಅಂಥದೇ ಶೈಲಿಯ ಕಡತದಲ್ಲಿದ್ದುದು ಪೌಂಡು, ಅರ್ಧ, ಓರೆಗೆರೆಗಳ ಸಂತೆ. ಯಂತ್ರ ಸುಳ್ಳು ಹೇಳಲಿಲ್ಲ. ನಾನು ಕೇಳಿದ್ದು ಅಲ್ಲಿರಲಿಲ್ಲ. ತಪ್ಪು ನನ್ನದು; ಸ್ವಂತ ಬರಹದ ಚರಿತ್ರೆಯನ್ನೇ ಮರೆತಿದ್ದೆ.

ಯೂನಿಕೋಡಿನೊಳಗೂ ಬಲೆಗಳಿವೆ. ‘ಡೇ’ ಎಂಬಲ್ಲಿಯ ಏತ್ವವನ್ನು ಒಂದೇ ಅಂಕಿಯಾಗಿ ಬರೆಯಬಹುದು. ಎತ್ವ ಮತ್ತು ದೀರ್ಘದ ಗುರುತು ಎಂದು ಎರಡಾಗಿಯೂ ಬರೆಯಬಹುದು. ಕಣ್ಣಿಗೆ ಒಂದೇ. ಎರಡನ್ನೂ ಸಮವೆಂದು ತಿಳಿಯಬೇಕೆಂದು ನಿಯಮವಿದ್ದರೂ ಎಲ್ಲ ತಂತ್ರಾಂಶಗಳೂ ಅದನ್ನು ಪಾಲಿಸುವುದಿಲ್ಲ. ಇನ್ನು ಅನುಸ್ವಾರದ ಬದಲು ಕನ್ನಡ ಅಂಕಿಯ ಸೊನ್ನೆಯನ್ನು ಒತ್ತುವ ಅಭ್ಯಾಸ ಅನೇಕರಿಗಿದೆ. ‘ಗೆಂಡೆಹಳ್ಳಿ’, ‘ಗೆ೦ಡೆಹಳ್ಳಿ’ — ಓದುಗರೇ, ಇವೆರಡರಲ್ಲಿ ಎರಡನೆಯದರ ಹೊಟ್ಟೆಯಲ್ಲಿರುವುದು ಬಿಂದುವಲ್ಲ, ಸೊನ್ನೆ. ಕಣ್ಣಿಗೆ ಕಾಣಿಸಿತೇ?

ಕೇಳುವ ಕ್ರಮ

ಪೆಟ್ಟು ತಿಂದು ಕಲಿತದ್ದನ್ನು ಇಲ್ಲಿ ಹೇಳುತ್ತೇನೆ. ಮನೆಯಲ್ಲಿ ಹಳೆಯ ಪತ್ರ, ಲೆಕ್ಕ, ವಂಶಾವಳಿ, ಲೇಖನ ಇವುಗಳನ್ನು ಯಂತ್ರದಲ್ಲಿ ಇಟ್ಟುಕೊಂಡವರಿಗೆಲ್ಲ ಇದು ಉಪಯೋಗಕ್ಕೆ ಬಂದೀತು.

ಮೊದಲನೆಯದು, ಗೊತ್ತಿಲ್ಲದ್ದನ್ನು ಕೇಳುವ ಮುನ್ನ ಗೊತ್ತಿರುವುದನ್ನು ಕೇಳಿ. ನಿಮ್ಮ ಅತ್ಯಂತ ಹಳೆಯ ಕಡತವನ್ನು ತೆರೆದು, ಅದರಲ್ಲಿ ಖಂಡಿತವಾಗಿ ಇರುವ ಒಂದು ಪದವನ್ನು ಹುಡುಕಲು ಹೇಳಿ. ಅದನ್ನೇ ತಂತ್ರಾಂಶ ಇಲ್ಲವೆಂದರೆ ಅದರ ಮಿಕ್ಕ ‘ಇಲ್ಲ’ಗಳಿಗೂ ಬೆಲೆಯಿಲ್ಲ. ತಕ್ಕಡಿಯನ್ನು ಬರಿದಾಗಿ ತೂಗಿ ನೋಡಿ ಆಮೇಲೆ ಸಾಮಾನು ಹಾಕುವುದಿಲ್ಲವೆ, ಹಾಗೆ.

ಎರಡನೆಯದು, ಬಾಲ ಬಿಟ್ಟು ತಲೆ ಹಿಡಿಯಿರಿ. ಕನ್ನಡದಲ್ಲಿ ವಿಭಕ್ತಿಗಳೆಲ್ಲ ಪದದ ಬಾಲಕ್ಕೆ ಅಂಟುತ್ತವೆ. ‘ಬೇಲೂರು’ ಎಂದು ಕೇಳಿದರೆ ‘ಬೇಲೂರಿನ’, ‘ಬೇಲೂರಲ್ಲಿ’ ಎಂಬುವು ತಪ್ಪಿಸಿಕೊಳ್ಳುತ್ತವೆ. ‘ಬೇಲೂರ’ ಎಂದು ಕೇಳಿದರೆ ಎಲ್ಲವೂ ಬಲೆಗೆ ಬೀಳುತ್ತವೆ. ‘ಗೆಂಡ’ ಎಂದಷ್ಟೇ ಕೇಳಿದ್ದರೆ ಹ್ರಸ್ವ ದೀರ್ಘ ಎರಡೂ ಬರುತ್ತಿದ್ದವು. ‘ಪೂರ್ಣಪದ ಮಾತ್ರ’ ಎಂಬ ಆಯ್ಕೆಯನ್ನು ಕನ್ನಡಕ್ಕೆ ಎಂದೂ ಹಾಕಬೇಡಿ. ಗ್ರೆಪ್ ಜಾತಿಯ ತಂತ್ರಾಂಶಗಳಲ್ಲಿ ‘ಯಾವುದಾದರೂ ಒಂದು ಗುರುತು’ ಎಂಬುದಕ್ಕೆ ಚುಕ್ಕಿ ಇಡುವ ಸೌಕರ್ಯವುಂಟು. ‘ಗೆಂಡ.ಹಳ್ಳಿ’ ಎಂದರೆ ಚುಕ್ಕಿಯ ಜಾಗದಲ್ಲಿ ಎತ್ವವಿದ್ದರೂ ಸರಿ, ಏತ್ವವಿದ್ದರೂ ಸರಿ.

ಮೂರನೆಯದು, ಹಳೆಯ ಅಕ್ಷರಶೈಲಿಯ ಕಡತಗಳನ್ನು ಅವುಗಳ ಭಾಷೆಯಲ್ಲೇ ಮಾತನಾಡಿಸಿ. ಅಂಥ ಒಂದು ಕಡತದಿಂದಲೇ ಬೇಕಾದ ಪದವನ್ನು ನಕಲು ಮಾಡಿ ಹುಡುಕುವ ಚೌಕದಲ್ಲಿ ಅಂಟಿಸಿ. ಚೌಕದಲ್ಲಿ ಅದು ಹುಚ್ಚುಚ್ಚಾಗಿ ಕಾಣುತ್ತದೆ. ಕಾಣಲಿ, ಕೆಲಸ ನಡೆಯುತ್ತದೆ. ಇದಕ್ಕೆ ಪೂರ್ತಿ ಓದುವ ಜಾತಿಯ ತಂತ್ರಾಂಶವೇ ಒಳ್ಳೆಯದು. ಚೀಟಿ ಬರೆಯುವ ಜಾತಿಯದು ಪೌಂಡು, ಅರ್ಧಗಳನ್ನು ಕಂಡೊಡನೆ ಪದ ಮುಗಿಯಿತೆಂದು ತಿಳಿದು ತುಂಡರಿಸಿಬಿಡಬಹುದು. ಶಾಶ್ವತ ಪರಿಹಾರವೆಂದರೆ ಪರಿವರ್ತಕದಿಂದ ಎಲ್ಲವನ್ನೂ ಯೂನಿಕೋಡಿಗೆ ತಿರುಗಿಸುವುದು. ಮೂಲ ಪ್ರತಿಯನ್ನು ಮಾತ್ರ ಅಳಿಸಬಾರದು. ತಿರುಗಿಸುವಾಗ ಒತ್ತಕ್ಷರಗಳು ಕೆಡುವುದುಂಟು.

ನಾಲ್ಕನೆಯದು, ಪುಟದ ಛಾಯಾಚಿತ್ರ ಪುಟವಲ್ಲ. ಹಳೆಯ ಪುಸ್ತಕಗಳ ಸ್ಕ್ಯಾನ್ ಪ್ರತಿಗಳು ನಮ್ಮಲ್ಲಿ ರಾಶಿ ಬಿದ್ದಿವೆ. ಅದರಲ್ಲಿರುವುದು ಅಕ್ಷರದ ಚಿತ್ರವೇ ಹೊರತು ಅಕ್ಷರವಲ್ಲ. ಯಂತ್ರಕ್ಕೆ ಅದು ಗೋಡೆಯ ಚಿತ್ರದಷ್ಟೇ ಮೂಕ. ಚಿತ್ರದಿಂದ ಅಕ್ಷರ ಓದುವ ತಂತ್ರಾಂಶಗಳು ಈಗ ಕನ್ನಡಕ್ಕೂ ಇವೆ. ಆದರೆ ಪಕಾರಕ್ಕೂ ವಕಾರಕ್ಕೂ ಇರುವ ಅಂತರ ಒಂದು ಸಣ್ಣ ಗೆರೆ; ಮಸಿ ಮಾಸಿದ್ದರೆ ‘ಪಲ್ಮಡಿ’ ‘ವಲ್ಮಡಿ’ಯಾದೀತು.

ಕೊನೆಯದು ಮತ್ತು ಮುಖ್ಯವಾದದ್ದು: ಪ್ರತಿ ಕಡತದ ತಲೆಯ ಮೇಲೆ ಒಂದು ಸಾಲು ಬರೆಯಿರಿ. ಊರು, ತಾಲ್ಲೂಕು, ವರ್ಷ, ಹೇಳಿದವರು ಯಾರು, ಊರಿನ ಹೆಸರನ್ನು ಎಷ್ಟು ಬಗೆಯಲ್ಲಿ ಬರೆಯುತ್ತಾರೆ — ಅಷ್ಟೂ ಬಗೆ. ಇದು ಯಂತ್ರದಿಂದ ಆಗುವ ಕೆಲಸವಲ್ಲ. ಪಲ್ಮಡಿಯೇ ಹಲ್ಮಿಡಿ ಎಂದು ಬಲ್ಲವನು ಒಮ್ಮೆ ಬರೆದಿಟ್ಟರೆ ಮುಂದೆ ಯಂತ್ರ ಸಾವಿರ ಸಲ ತಪ್ಪದೆ ತಂದುಕೊಡುತ್ತದೆ. ಅನುಕ್ರಮಣಿ ಬರೆದ ಕಾತ್ಯಾಯನ, ಪದ ಪಟ್ಟಿ ಮಾಡಿದ ಕೇಶಿರಾಜ, ಚೀಟಿ ಬರೆದ ನಿಘಂಟುಕಾರರು ಮಾಡಿದ್ದೂ ಇದನ್ನೇ ಅಲ್ಲವೆ?

ಚರಿತ್ರೆ ಬರೆಯುವವರಿಗೆ ‘ಇದೆ’ ಎನ್ನುವುದಕ್ಕಿಂತ ‘ಇಲ್ಲ’ ಎನ್ನುವುದು ಕಷ್ಟ. ಇದೆ ಎನ್ನಲು ಒಂದು ಸಾಕ್ಷಿ ಸಾಕು. ಇಲ್ಲ ಎನ್ನಲು ಎಲ್ಲ ಮೂಲೆಗಳನ್ನೂ ನೋಡಿರಬೇಕು. ಗುಂಡಿ ಒತ್ತಿದೊಡನೆ ಉತ್ತರ ಬರುವ ಈ ಕಾಲದಲ್ಲಿ ಆ ಕಷ್ಟವೇ ನಮಗೆ ಮರೆತುಹೋಗಿದೆ. ದೊಡ್ಡ ರಾಜಧಾನಿಗಳಿಗೆ ಇದರಿಂದ ಹಾನಿಯಿಲ್ಲ. ದೋರಸಮುದ್ರವನ್ನು ಹತ್ತು ಜನ ಹತ್ತು ಹೆಸರಿನಲ್ಲಿ ಹುಡುಕುತ್ತಾರೆ. ಒಬ್ಬ ಅಜ್ಜಿ ಒಮ್ಮೆ ಹೇಳಿ, ಒಬ್ಬ ಒಮ್ಮೆ ಬರೆದುಕೊಂಡ ಹಳ್ಳಿಗೆ ಮಾತ್ರ ಒಂದು ತಪ್ಪು ‘ಇಲ್ಲ’ ಸಾಕು, ಅದು ಇಲ್ಲದೆಯೇ ಹೋಗುತ್ತದೆ.

ಆ ಮೂರು ಪುಟಗಳನ್ನು ಅಚ್ಚು ತೆಗೆದುಕೊಂಡು ಗೆಂಡೆಹಳ್ಳಿಗೆ ಹೋದೆ. ನಡೆದದ್ದನ್ನು ಹೇಳಿ ಕ್ಷಮೆ ಕೇಳಿದೆ. ಮೇಷ್ಟ್ರು ಕನ್ನಡಕ ಏರಿಸಿಕೊಂಡು ಬೆರಳಿಟ್ಟು ಒಂದೊಂದೇ ಹೆಸರು ಓದುತ್ತ ಹೋದರು. ಒಂದು ಕಡೆ ಬೆರಳು ನಿಂತಿತು. “ಇದು ನಮ್ಮಪ್ಪ ಮಾರಿದ ಗದ್ದೆ ಸಾರ್. ಈ ಹೆಸರು ಕೇಳಿ ಐವತ್ತು ವರ್ಷವಾಯಿತು” ಎಂದರು.

ಆಮೇಲೆ ಒಳಗಿನಿಂದ ತಮ್ಮ ಪುಸ್ತಕದ ಪ್ರತಿಯನ್ನು ತಂದು, ಬಲ್ಲವರು ಯಾರೂ ಉಳಿದಿಲ್ಲವೆಂದು ಬರೆದಿದ್ದ ಆ ಸಾಲನ್ನು ಪೆನ್ಸಿಲಿನಿಂದ ಮೆಲ್ಲಗೆ ಹೊಡೆದುಹಾಕಿದರು. ಪಕ್ಕದಲ್ಲಿ ಬರೆದರು: ‘ಇವೆ.’